ಅಪ್ಪನ ಮೊಬೈಲಿನಲ್ಲಿ ಅಮೆರಿಕ, ರಷ್ಯಾ, ಚೀನಾ ಒಟ್ಟಿಗೆ: ಇವರು ಜಗಳದವರಲ್ವಾ?

ಮಲ್ಪೆ ಹುಡುಗ
ಎಲ್ಲರಿಗೂ ನಮಸ್ಕಾರ. ಪೆದ್ದು ಪ್ರಶ್ನೆ ಅನ್ನಿಸಿದರೆ ಬೈಯಬೇಡಿ.

ನನ್ನ ಅಪ್ಪ ಆಳಸಮುದ್ರ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವರು. ಮಳೆಗಾಲದ ಎರಡು ತಿಂಗಳ ರಜೆ ಮುಗಿಯಿತು, ಬೋಟು ಇಳಿಸುವ ಗಡಿಬಿಡಿ. ಮೊನ್ನೆ ದಕ್ಕೆಯಲ್ಲಿ ಬಲೆ ಹೇರುವಾಗ ಅಪ್ಪನ ಹೊಸ ಮೊಬೈಲಿಗೆ, ದಾರಿ ತಿಳಿಸುವ ಸ್ಯಾಟಲೈಟುಗಳನ್ನು ತೋರಿಸುವ ಆ್ಯಪ್ ಒಂದು ಹಾಕಿಕೊಟ್ಟೆ. ತಲೆ ಮೇಲೆ ಯಾವ ಸ್ಯಾಟಲೈಟ್ ಇದೆ, ಅದು ಯಾರದ್ದು ಅಂತ ಪುಟ್ಟ ಬಾವುಟ ಹಾಕಿ ತೋರಿಸುತ್ತದೆ. ಎಣಿಸಿದೆ. ಅಮೆರಿಕದ್ದು 9, ರಷ್ಯಾದ್ದು 6, ಚೀನಾದ್ದು 11, ಯುರೋಪಿನದ್ದು 7, ನಮ್ಮದು 3.

ಅಪ್ಪ ಕನ್ನಡಕ ಏರಿಸಿ ನೋಡಿದರು. "ಟಿವಿಯಲ್ಲಿ ಕಚ್ಚಾಡುವವರೆಲ್ಲ ಇಲ್ಲಿ ಒಂದೇ ಬೋಟು ಹತ್ತಿದ್ದಾರಲ್ಲ ಮಾರಾಯ" ಅಂದರು. ನಾಳೆ ಯುದ್ಧ ಆದರೆ ಯಾರು ಇಳಿಯುತ್ತಾರೆ, ಯಾರು ಉಳಿಯುತ್ತಾರೆ ಅಂತಲೂ ಕೇಳಿದರು. ನನಗೆ ಉತ್ತರ ಬರಲಿಲ್ಲ. ಆಕಾಶದಲ್ಲಿ ಇವರೆಲ್ಲ ನಿಜವಾಗಿ ಒಟ್ಟಿಗೆ ಕೆಲಸ ಮಾಡುತ್ತಾರಾ? ಅಥವಾ ಸುಮ್ನೆ ನಮಗೆ ಹಾಗೆ ಕಾಣುವುದಾ?

ಬಂಗುಡೆ ಪುಳಿಮುಂಚಿ
ಅದೆಲ್ಲ ಇರಲಿ, ಬೋಟು ಯಾವಾಗ ವಾಪಸ್? ಎರಡು ತಿಂಗಳಿಂದ ಒಣಮೀನು ಚಟ್ನಿಯಲ್ಲೇ ಬದುಕಿದ್ದೇವೆ.

ಕದ್ರಿ ಮಾಷ್ಟ್ರು
ಪ್ರಶ್ನೆ ಪೆದ್ದಲ್ಲ, ಚೆನ್ನಾಗಿಯೇ ಇದೆ. ಮೊದಲು ಒಂದು ವಿಷಯ. ನಿಮ್ಮ ಅಪ್ಪನ ಮೊಬೈಲು ಆ ಸ್ಯಾಟಲೈಟುಗಳಿಗೆ ಏನೂ ಹೇಳುವುದಿಲ್ಲ. ಬರೇ ಕೇಳಿಸಿಕೊಳ್ಳುತ್ತದೆ, ಮಂಗಳೂರು ಆಕಾಶವಾಣಿ ಹಾಕಿದ ಹಾಗೆ. ಸ್ಯಾಟಲೈಟು "ಈಗ ಗಂಟೆ ಇಷ್ಟು, ನಾನು ಇಲ್ಲಿದ್ದೇನೆ" ಅಂತ ಕೂಗುತ್ತಾ ಇರುತ್ತದೆ. ಅಂಥ ನಾಲ್ಕು ಕೂಗು ಸಿಕ್ಕಿದರೆ ಬೋಟು ಎಲ್ಲಿದೆ ಅಂತ ಲೆಕ್ಕ ಹಾಕಬಹುದು.

ಆದರೆ ಇವರ ಗಡಿಯಾರಗಳು ಬೇರೆ ಬೇರೆ. ಅಮೆರಿಕದ ಜಿಪಿಎಸ್ ಸಮಯಕ್ಕಿಂತ ಚೀನಾದ ಬೈಡೌ ಸಮಯ 14 ಸೆಕೆಂಡು ಹಿಂದೆ. ರಷ್ಯಾದ ಗ್ಲೋನಾಸ್ 18 ಸೆಕೆಂಡು ಹಿಂದೆ, ಅದೂ ಮಾಸ್ಕೋ ಗಂಟೆಯಲ್ಲಿ. ಇಂಥ ವ್ಯತ್ಯಾಸವನ್ನೆಲ್ಲ ಅವರು ಮುಚ್ಚಿಡದೆ ಎಲ್ಲರಿಗೂ ಹೇಳಿದ್ದರಿಂದಲೇ ಮೊಬೈಲು ಎಲ್ಲವನ್ನೂ ಕೂಡಿಸಬಲ್ಲದು. ಒಬ್ಬರ ಸಿಗ್ನಲ್ ಇನ್ನೊಬ್ಬರದ್ದನ್ನು ತುಳಿಯದ ಹಾಗೆ ನೋಡಿಕೊಳ್ಳಲು ವಿಶ್ವಸಂಸ್ಥೆಯ ಅಡಿಯಲ್ಲಿ 2005ರಿಂದ ಒಂದು ಸಮಿತಿಯೇ ಇದೆ. ಅಮೆರಿಕ, ರಷ್ಯಾ, ಚೀನಾ, ಯುರೋಪ್, ಜಪಾನ್, ಭಾರತ ಎಲ್ಲರೂ ಅದರಲ್ಲಿ ಕೂರುತ್ತಾರೆ.

ಸುರತ್ಕಲ್ ಹಾಸ್ಟೆಲ್
ಮಾಷ್ಟ್ರೇ, ಇದನ್ನು ಸಹಕಾರ ಅಂತ ಹೇಳಬೇಡಿ. ಅಪನಂಬಿಕೆಯಿಂದಲೇ ತಾನೆ ಎಲ್ಲರೂ ಒಂದೊಂದು ಕಟ್ಟಿಕೊಂಡಿದ್ದು? ನಂಬಿಕೆ ಇದ್ದರೆ ಒಂದು ಜಿಪಿಎಸ್ ಸಾಕಿತ್ತು. ಕಾರ್ಗಿಲ್ ಯುದ್ಧದಲ್ಲಿ ಅಮೆರಿಕ ನಮಗೆ ಜಿಪಿಎಸ್ ಕೊಡಲಿಲ್ಲ, ಅದಕ್ಕೇ ನಾವು ನಾವಿಕ್ ಅನ್ನುವ ನಮ್ಮದೇ ವ್ಯವಸ್ಥೆ ಮಾಡಿದ್ದು. ಜಗಳದವರು ಜಗಳದವರೇ.

ಕದ್ರಿ ಮಾಷ್ಟ್ರು
ಕಾರ್ಗಿಲ್ ಕಥೆ ಎಲ್ಲರ ಬಾಯಲ್ಲೂ ಇದೆ, ಆದರೆ ಅರ್ಧ ಮಾತ್ರ. 1999ರಲ್ಲಿ ಸಾಮಾನ್ಯ ರಿಸೀವರಿಗೆ ಬರುತ್ತಿದ್ದ ಜಿಪಿಎಸ್ ಸಿಗ್ನಲ್ಲನ್ನು ಬೇಕಂತಲೇ ಮಸುಕು ಮಾಡಿ ಕಳಿಸುತ್ತಿದ್ದರು. ನಮಗೆ ಮಾತ್ರ ಅಲ್ಲ, ಇಡೀ ಜಗತ್ತಿಗೆ, ಅವರದ್ದೇ ದೇಶದ ದೋಣಿಯವರಿಗೂ. ಸುಮಾರು 100 ಮೀಟರ್ ಆಚೀಚೆ ತೋರಿಸುತ್ತಿತ್ತು. ಆ ಮಸುಕು ತೆಗೆದದ್ದು 2000ದ ಮೇ ತಿಂಗಳಲ್ಲಿ. ನಿಖರವಾದದ್ದು ಅವರ ಸೈನ್ಯದ ಸಿಗ್ನಲ್, ಅದು ಬೇರೆಯೇ. ಸ್ವಂತದ್ದು ಬೇಕು ಅನ್ನುವ ನಿಮ್ಮ ಮಾತಿಗೆ ನನ್ನ ತಕರಾರಿಲ್ಲ.

ಇನ್ನೊಂದು ವಿಷಯ ಗೊತ್ತುಂಟಾ? ಜಿಪಿಎಸ್ ಜನರಿಗೂ ಸಿಗುತ್ತದೆ ಅಂತ ಅಮೆರಿಕ ಹೇಳಿದ್ದು 1983ರಲ್ಲಿ. ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ಹೋದ ಕೊರಿಯಾದ ಪ್ರಯಾಣಿಕ ವಿಮಾನವನ್ನು ಸೋವಿಯತ್ತಿನವರು ಹೊಡೆದುರುಳಿಸಿದ ಮೇಲೆ.

ಪಣಂಬೂರು ಬೀಚ್
ನಾವಿಕ್ ವಿಷಯ ಬಂತಲ್ಲ. ನಮ್ಮದು ಮೂರೇ ಯಾಕೆ ಕಾಣುವುದು? ಏಳು ಅಂತ ಶಾಲೆಯಲ್ಲಿ ಓದಿದ ನೆನಪು.

ಸುರತ್ಕಲ್ ಹಾಸ್ಟೆಲ್
ಲೆಕ್ಕಕ್ಕೆ ಏಳು. ಮೊದಲನೆಯದು ಹಾರಿದ್ದು 2013ರ ಜುಲೈ 1ಕ್ಕೆ. ಆಮೇಲೆ ಕೆಲವದರ ಪರಮಾಣು ಗಡಿಯಾರ ಕೈಕೊಟ್ಟಿತು. ಗಡಿಯಾರ ಕೆಟ್ಟ ಸ್ಯಾಟಲೈಟು ದಾರಿ ತೋರಿಸಲಿಕ್ಕೆ ಉಪಯೋಗವಿಲ್ಲ. ಬದಲಿಗೆ ಅಂತ 2025ರ ಜನವರಿ 29ಕ್ಕೆ ಕಳಿಸಿದ ಎನ್‌ವಿಎಸ್-02 ಅಂದುಕೊಂಡ ಕಕ್ಷೆ ತಲುಪಲಿಲ್ಲ. ಬೇಜಾರಿನ ವಿಷಯ. ಅದಕ್ಕೇ ಹೇಳುವುದು, ಬೇರೆಯವರನ್ನು ನಂಬಿ ಕೂರಬಾರದು.

ಕಾಪು ಹಡಗಿನವ
ನಾನು ಮರ್ಚೆಂಟ್ ನೇವಿ. ಈಗ ರಜೆಯಲ್ಲಿ ಮನೆಯಲ್ಲಿದ್ದೇನೆ, ಹಾಗಾಗಿ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಹುಡುಗನ ಅಪ್ಪ ಕೇಳಿದ್ದು ಸರಿಯಾದ ಪ್ರಶ್ನೆ. ಕೊಲ್ಲಿಯ ಬಾಯಿ, ಹೋರ್ಮುಜ್ ಹತ್ತಿರ, ರಾತ್ರಿ ಎರಡು ಗಂಟೆಗೆ ನನ್ನ ವಾಚ್, ಅಂದರೆ ಕಾವಲಿನ ಪಾಳಿ. ಚಾ ಕುಡಿದು ಬಂದು ಸ್ಕ್ರೀನ್ ನೋಡುತ್ತೇನೆ, ನಮ್ಮ ಹಡಗು ವಿಮಾನ ನಿಲ್ದಾಣದ ಒಳಗೆ ನಿಂತಿದೆ! ಪಕ್ಕದಲ್ಲಿ ಇನ್ನೂ ಹತ್ತಿಪ್ಪತ್ತು ಹಡಗು, ಎಲ್ಲ ರನ್‌ವೇ ಮೇಲೆ. ಯಾರೋ ನೆಲದಿಂದ ಸುಳ್ಳು ಸಿಗ್ನಲ್ ಬಿಡುತ್ತಿದ್ದರು. ಸ್ಯಾಟಲೈಟ್ 20,000 ಕಿಲೋಮೀಟರ್ ಮೇಲಿರುತ್ತದೆ. ಅದರ ಸಿಗ್ನಲ್ ಇಲ್ಲಿಗೆ ತಲುಪುವಾಗ ಪಿಸುಮಾತಿನಷ್ಟು ಸಣ್ಣ. ಪಕ್ಕದಲ್ಲಿ ಒಬ್ಬ ಕಿರುಚಿದರೆ ಮುಗಿಯಿತು. ಐದು ಬಾವುಟ ಇದ್ದರೂ ಎಲ್ಲ ಅಕ್ಕಪಕ್ಕದ ಫ್ರೀಕ್ವೆನ್ಸಿಯಲ್ಲೇ ಇರುವುದು, ಹಾಗಾಗಿ ಐದೂ ಒಟ್ಟಿಗೆ ಹೋದವು. ಬೆಳಗಿನ ತನಕ ರಾಡಾರ್ ನೋಡಿಕೊಂಡು, ಲೈಟ್‌ಹೌಸ್ ದಿಕ್ಕು ಅಳೆದುಕೊಂಡು ಹಳೇ ಕಾಲದವರ ಹಾಗೆ ಹೋದೆವು.

ಇದು ಒಂದು ಮುಖ. ಇನ್ನೊಂದು ಮುಖವನ್ನೂ ನಾನೇ ನೋಡಿದ್ದೇನೆ. ಹಡಗಿನಲ್ಲಿ ಈಪರ್ಬ್ ಅಂತ ಒಂದು ಡಬ್ಬ ಇರುತ್ತದೆ, ಹಳದಿಯೋ ಕಿತ್ತಳೆಯೋ ಬಣ್ಣದ್ದು. ಹಡಗು ಮುಳುಗಿದರೆ ತಾನೇ ಕಳಚಿಕೊಂಡು ಮೇಲೆ ಬಂದು 406 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತದೆ. ಒಮ್ಮೆ ಡೆಕ್ ತೊಳೆಯುವಾಗ ನಮ್ಮ ಹುಡುಗನೊಬ್ಬ ಅದನ್ನು ಕಳಚಿ ಬಕೆಟಿನ ಪಕ್ಕ ಇಟ್ಟಿದ್ದ. ನೀರು ತಾಗಿ ಆನ್ ಆಯಿತು. ಯಾರಿಗೂ ಗೊತ್ತಿಲ್ಲ. ಸ್ವಲ್ಪ ಹೊತ್ತಿಗೆ ಬ್ರಿಡ್ಜಿನ (ಹಡಗು ನಡೆಸುವ ಕೋಣೆಯ) ಫೋನ್ ಬಡಿಯಿತು, "ನೀವು ತೇಲುತ್ತಾ ಇದ್ದೀರಾ?" ಅಂತ. ಕ್ಯಾಪ್ಟನ್ ಮುಖ ನೋಡಬೇಕಿತ್ತು.

ಆ ವ್ಯವಸ್ಥೆಯ ಹೆಸರು ಕಾಸ್ಪಾಸ್-ಸಾರ್ಸಾಟ್. ಕಾಸ್ಪಾಸ್ ರಷ್ಯನ್ ಹೆಸರು, ಸಾರ್ಸಾಟ್ ಅಮೆರಿಕದ ಕಡೆಯದ್ದು. 1979ರಲ್ಲಿ ಅಮೆರಿಕ, ಸೋವಿಯತ್, ಕೆನಡಾ, ಫ್ರಾನ್ಸ್ ಸೇರಿ ಒಪ್ಪಂದ ಮಾಡಿಕೊಂಡರು. ಅದೇ ವರ್ಷದ ಕೊನೆಗೆ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿತು, ಮಾಸ್ಕೋ ಒಲಿಂಪಿಕ್ಸ್‌ಗೆ ಅಮೆರಿಕ ಹೋಗಲಿಲ್ಲ. ಈ ಕೆಲಸ ಮಾತ್ರ ನಿಲ್ಲಲಿಲ್ಲ. ಮೊದಲ ಸ್ಯಾಟಲೈಟು ಸೋವಿಯತ್ತಿನದ್ದು, 1982ರ ಜೂನ್ 30ಕ್ಕೆ ಹಾರಿತು. ಸೆಪ್ಟೆಂಬರಿನಲ್ಲಿ ಕೆನಡಾದ ಕಾಡಿನಲ್ಲಿ ಸಣ್ಣ ವಿಮಾನವೊಂದು ಬಿತ್ತು. ಆ ಸೋವಿಯತ್ ಸ್ಯಾಟಲೈಟಿಗೆ ಅದರ ಕೂಗು ಕೇಳಿಸಿತು, ಮೂರು ಜನ ಬದುಕಿದರು.

ಈಗ ಆ ಕಿವಿಯನ್ನು ದಾರಿ ತೋರಿಸುವ ಸ್ಯಾಟಲೈಟುಗಳಲ್ಲೇ ಕೂರಿಸಿದ್ದಾರೆ. ಯುರೋಪಿನ ಗೆಲಿಲಿಯೋದಲ್ಲಿದೆ, ರಷ್ಯಾದ ಹೊಸ ಗ್ಲೋನಾಸ್‌ನಲ್ಲಿದೆ, ಚೀನಾದ ಕೆಲವು ಬೈಡೌಗಳಲ್ಲೂ ಇದೆ. ಹಾಗಾಗಿ ತಮ್ಮಾ, ಅಪ್ಪನ ಆ್ಯಪಿನಲ್ಲಿ ಕಂಡ ಬಾವುಟಗಳಲ್ಲಿ ಕೆಲವು ಬರೇ ಗಂಟೆ ಹೇಳುವವು ಅಲ್ಲ.

ಪಣಂಬೂರು ಬೀಚ್
ಇದರಲ್ಲಿ ನಾವು ಇದ್ದೇವಾ?

ಕಾಪು ಹಡಗಿನವ
ಇದ್ದೇವೆ. ಬೆಂಗಳೂರು ಮತ್ತು ಲಖನೌದಲ್ಲಿ ಸಿಗ್ನಲ್ ಹಿಡಿಯುವ ಕೇಂದ್ರ ಇದೆ, ಕಂಟ್ರೋಲ್ ಕೇಂದ್ರ ಬೆಂಗಳೂರಿನದ್ದು. ಶ್ರೀಲಂಕಾ, ಮಾಲ್ದೀವ್ಸ್, ಬಾಂಗ್ಲಾದೇಶದ ಕಡೆಯ ಕೂಗನ್ನೂ ಅದೇ ನೋಡಿಕೊಳ್ಳುತ್ತದೆ. ಪಾಕಿಸ್ತಾನವೂ ಇದೇ ವ್ಯವಸ್ಥೆಯೊಳಗೆ ಉಂಟು.

ಬಂದರು ಭಾವ
ಇದರಲ್ಲಿ ಆಶ್ಚರ್ಯ ಎಂಥದು? ದೊಡ್ಡ ಬಲೆಯ ಪರ್ಸೀನ್ ಬೋಟಿನವರಿಗೂ ನಾಡದೋಣಿಯವರಿಗೂ ದಡದಲ್ಲಿ ಮಾತಿಲ್ಲ ಕತೆಯಿಲ್ಲ. ಲೈಟ್ ಹಾಕಿ ಮೀನು ಹಿಡಿದರು ಅಂತ ದೊಣ್ಣೆ ಹಿಡಿದದ್ದೂ ಉಂಟು. ಆದರೆ ಗಾಳಿ ಎದ್ದಾಗ ವೈರ್‌ಲೆಸ್ಸಿನಲ್ಲಿ ಯಾರು ಕೂಗಿದರೂ ಹತ್ತಿರ ಇದ್ದವ ಹಗ್ಗ ಎಸೆಯುತ್ತಾನೆ. ಯಾವ ಬೋಟು ಅಂತ ಆಮೇಲೆ ನೋಡುವುದು. ನಾಳೆ ನಾನೇ ಕೂಗುವವ ಆಗಬಹುದಲ್ವಾ?

ಬಂಗುಡೆ ಪುಳಿಮುಂಚಿ
ವೈರ್‌ಲೆಸ್ಸಿನ ಆ ಚಾನೆಲ್ 16 ಇರುವುದು ತುರ್ತು ಮಾತಿಗೆ, ಇಲ್ಲವೇ ಒಬ್ಬರನ್ನೊಬ್ಬರು ಕರೆಯಲಿಕ್ಕೆ ಮಾತ್ರ ಅಂತ ನಿಯಮ. ನಮ್ಮವರು ಅದರಲ್ಲಿ ಕೋಳಿ ಅಂಕದ ಸುದ್ದಿ ಹೇಳುತ್ತಾರೆ.

ಬಂದರು ಭಾವ
ಅದೂ ತುರ್ತೇ. 😄

ಕೊಡವೂರು ಅಕ್ಕ
ನಗುವ ಮಧ್ಯೆ ಹೇಳುತ್ತೇನೆ, ಬೇಜಾರಾಗಬೇಡಿ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೋದ ಬೋಟು, ಏಳು ಜನ. ತಿಂಗಳುಗಟ್ಟಲೆ ಹುಡುಕಿದರು. ಹೆದ್ದಾರಿಯಲ್ಲಿ ಕೂತು ಪ್ರತಿಭಟನೆ ಮಾಡಿದವರಲ್ಲಿ ನಾವೂ ಇದ್ದೆವು. ಮುಂದಿನ ವರ್ಷ ಮೇ ತಿಂಗಳಲ್ಲಿ ನೌಕಾಪಡೆಗೆ ಮಹಾರಾಷ್ಟ್ರದ ಕಡಲಿನಲ್ಲಿ ಬೋಟಿನ ಅವಶೇಷ ಸಿಕ್ಕಿತು. ಆಕಾಶದಲ್ಲಿ ಅಷ್ಟು ಕಿವಿ ಇದ್ದು ಏನು, ಕೂಗುವ ಡಬ್ಬ ಬೋಟಿನಲ್ಲಿ ಇರಬೇಕಲ್ಲ. ತಮ್ಮಾ, ನಿನ್ನ ಅಪ್ಪನ ಬೋಟಿನಲ್ಲಿ ಉಂಟಾ? ಬ್ಯಾಟರಿ ನೋಡಿದ್ದಾರಾ?

ಮಲ್ಪೆ ಹುಡುಗ
ಅಕ್ಕ, ಉಂಟು. ಬ್ಯಾಟರಿ ಕೇಳುತ್ತೇನೆ. ಈಗಲೇ ಫೋನ್ ಮಾಡುತ್ತೇನೆ.

ಅದಮಾರಿನವಳು
ಉಡುಪಿಯವರು ಇಷ್ಟು ಜನ ಇದ್ದು ಒಬ್ಬರೂ ಯು. ಆರ್. ರಾವ್ ಅವರ ಹೆಸರು ಎತ್ತಲಿಲ್ಲವಲ್ಲ! ನಮ್ಮ ಅದಮಾರಿನವರು. ಹೆಸರಿನಲ್ಲಿರುವ ಯು ಅಂದರೆ ಉಡುಪಿ. ಅಮೆರಿಕದಲ್ಲಿ ಎಂಐಟಿಯಲ್ಲಿದ್ದು (ಮಣಿಪಾಲದ್ದಲ್ಲ, ಆ ದೊಡ್ಡದು) ಅವರ ಪಯೋನಿಯರ್, ಎಕ್ಸ್‌ಪ್ಲೋರರ್ ನೌಕೆಗಳಲ್ಲಿ ಪ್ರಯೋಗ ಮಾಡಿದವರು. ಅದೇ ಮನುಷ್ಯ ಊರಿಗೆ ಬಂದು, ಪೀಣ್ಯದ ತಗಡಿನ ಶೆಡ್ಡುಗಳಲ್ಲಿ ನಮ್ಮ ಮೊದಲ ಸ್ಯಾಟಲೈಟು ಆರ್ಯಭಟ ಕಟ್ಟಿಸಿ, ಸೋವಿಯತ್ ರಾಕೆಟ್ಟಿನಲ್ಲಿ ಹಾರಿಸಿದರು, 1975ರ ಏಪ್ರಿಲ್ 19. ಎರಡೂ ಮನೆಯಲ್ಲಿ ಊಟ ಮಾಡಿದವರು ಅಂತ ನಮ್ಮ ಅಜ್ಜ ಹೇಳುತ್ತಿದ್ದರು. ಸೋವಿಯತ್ತಿನವರೂ ಧರ್ಮಕ್ಕೆ ಹಾರಿಸಲಿಲ್ಲ, ಅವರ ಹಡಗುಗಳಿಗೆ ನಮ್ಮ ಬಂದರು ಬಳಸುವ ಅವಕಾಶ ಸಿಕ್ಕಿತು.

ಅದೇ 1975ರಲ್ಲಿ ಅಮೆರಿಕದ ಎಟಿಎಸ್-6 ಅನ್ನುವ ಸ್ಯಾಟಲೈಟನ್ನು ನಾಸಾ ನಮಗೆ ಒಂದು ವರ್ಷ ಕೊಟ್ಟಿತು. ಆಗಸ್ಟಿನಿಂದ 2400 ಹಳ್ಳಿಗೆ ಟಿವಿ. ನಮ್ಮ ರಾಜ್ಯದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಕಡೆ. ಒಂದೇ ವರ್ಷ, ಸೋವಿಯತ್ ರಾಕೆಟ್ಟು, ಅಮೆರಿಕದ ಟಿವಿ.

ಅದಕ್ಕೂ ಮೊದಲಿನದ್ದು, ಕೇರಳದ ‘ತುಂಬಾ’ ಅನ್ನುವ ಊರನ್ನು ನೆನಪು ಮಾಡಿಕೊಳ್ಳಿ. ಅದೂ ನಮ್ಮ ಹಾಗೆ ಮೀನುಗಾರರ ಊರು. 1963ರ ನವೆಂಬರ್ 21ಕ್ಕೆ ಹಾರಿದ ಮೊದಲ ರಾಕೆಟ್ಟು ಅಮೆರಿಕದ್ದು, ಒಳಗಿನ ಸೋಡಿಯಂ ಆವಿ ಫ್ರಾನ್ಸಿನದ್ದು. ಆ ಕೇಂದ್ರಕ್ಕೆ ಹೆಲಿಕಾಪ್ಟರ್, ಕಂಪ್ಯೂಟರ್ ಕೊಟ್ಟದ್ದು ಸೋವಿಯತ್. ರಾಕೆಟ್ ಜೋಡಿಸಿದ್ದು ಚರ್ಚಿನಲ್ಲಿ. ಕ್ಯೂಬಾ ಕ್ಷಿಪಣಿ ಗಲಾಟೆ ಮುಗಿದು ಒಂದು ವರ್ಷ ಆಗಿತ್ತು ಅಷ್ಟೇ!

ಸುರತ್ಕಲ್ ಹಾಸ್ಟೆಲ್
ಅಕ್ಕ, ಸಿಹಿ ಮಾತ್ರ ಹೇಳಿದಿರಿ. 1991ರಲ್ಲಿ ರಷ್ಯನ್ನರ ಹತ್ತಿರ ಕ್ರಯೋಜೆನಿಕ್ (ಅತಿ ತಣ್ಣಗಿನ ಇಂಧನದ) ರಾಕೆಟ್ ಇಂಜಿನ್ ಒಪ್ಪಂದ ಮಾಡಿಕೊಂಡಾಗ ಏನಾಯಿತು? ಕ್ಷಿಪಣಿಗೆ ಬಳಸುತ್ತಾರೆ ಅಂತ ಅಮೆರಿಕ 1992ರಲ್ಲಿ ಇಸ್ರೋ ಮೇಲೆ ನಿರ್ಬಂಧ ಹಾಕಿತು. ರಷ್ಯಾ ತಂತ್ರಜ್ಞಾನ ಕೊಡುವುದಿಲ್ಲ ಅಂತ ಹಿಂದೆ ಸರಿದು ಬರೇ ಏಳು ಇಂಜಿನ್ ಕೊಟ್ಟಿತು. ನಮ್ಮದೇ ಇಂಜಿನ್ ಸರಿಯಾಗಿ ಹಾರಿದ್ದು 2014ರ ಜನವರಿ 5ಕ್ಕೆ. 20 ವರ್ಷಕ್ಕಿಂತ ಜಾಸ್ತಿ ಹೋಯಿತು.

ಅದಮಾರಿನವಳು
ಒಪ್ಪಿದೆ ತಮ್ಮಾ. ಆದರೆ 2008ರಲ್ಲಿ ಚಂದ್ರಯಾನ-1ರಲ್ಲಿ ನಾಸಾದ ಎರಡು ಉಪಕರಣ ಕೂತಿದ್ದವು. ಚಂದ್ರನಲ್ಲಿ ನೀರಿನ ಅಂಶ ಹಿಡಿದದ್ದು ಅದರಲ್ಲಿ ಒಂದು. ಆಗಲೂ ಇಸ್ರೋದ ಕೆಲವು ಘಟಕಗಳು ಅಮೆರಿಕದ ನಿರ್ಬಂಧದ ಪಟ್ಟಿಯಲ್ಲೇ ಇದ್ದವು, ತೆಗೆದದ್ದು 2011ರಲ್ಲಿ. ಎಡಗೈಯಲ್ಲಿ ಬೀಗ, ಬಲಗೈಯಲ್ಲಿ ಬಾಳೆಎಲೆ.

ಬಂದರು ಭಾವ
ಬಾಳೆಎಲೆ ಮಾತು ಲಾಯ್ಕ ಉಂಟು.

ಪಿಲಿಕುಳ ಪ್ರೇಮಿ
ಮಕ್ಕಳನ್ನು ಪಿಲಿಕುಳ ತಾರಾಲಯಕ್ಕೆ ಕರೆದುಕೊಂಡು ಹೋದ ಮೇಲೆ ನನಗೂ ಇದರ ಹುಚ್ಚು. 1975ರ ಜುಲೈ 17ರಂದು ಅಮೆರಿಕದ ಅಪೋಲೊ, ಸೋವಿಯತ್ತಿನ ಸೋಯುಜ್ ಆಕಾಶದಲ್ಲಿ ಕೂಡಿಕೊಂಡವಲ್ಲ, ಅದರ ಬಾಗಿಲಿನ ಕಥೆ ಕೇಳಿ. ಅಲ್ಲಿಯ ತನಕ ನೌಕೆ ಜೋಡಿಸುವಾಗ ಒಂದು ಚುಚ್ಚುವ ಕಡೆ, ಇನ್ನೊಂದು ಚುಚ್ಚಿಸಿಕೊಳ್ಳುವ ಕಡೆ. ಪ್ಲಗ್ಗು, ಸಾಕೆಟ್ಟು ಇದ್ದ ಹಾಗೆ. ಇಬ್ಬರಲ್ಲಿ ಸಾಕೆಟ್ ಆಗುವವರು ಯಾರು? ಕೊನೆಗೆ ಎರಡೂ ಕಡೆ ಒಂದೇ ಥರದ ಉಂಗುರ ಮಾಡಿದರು. ಯಾರು ಬೇಕಾದರೂ ಕೈ ಚಾಚಬಹುದು, ಯಾರು ಬೇಕಾದರೂ ಹಿಡಿಸಿಕೊಳ್ಳಬಹುದು.

ಗಾಳಿಯೂ ಬೇರೆ. ಅಪೋಲೊ ಒಳಗೆ ಬರೇ ಆಮ್ಲಜನಕ, ಒತ್ತಡ ನೆಲದಲ್ಲಿ ಇರುವುದರ ಮೂರನೇ ಒಂದು ಪಾಲು. ಸೋಯುಜ್ ಒಳಗೆ ನಮ್ಮದೇ ಥರದ ಗಾಳಿ. ಆಗುಂಬೆ ಘಾಟಿಯಲ್ಲಿ ಕಿವಿ ಕಟ್ಟುತ್ತದಲ್ವಾ, ಅದರ ಹತ್ತು ಪಾಲು ತೊಂದರೆ ಆಗುತ್ತಿತ್ತು. ಅದಕ್ಕೇ ನಡುವೆ ಒಂದು ಕೋಣೆ ಇಟ್ಟರು, ಜಗುಲಿಯಂತೆ. ಸೋವಿಯತ್ತಿನವರು ತಮ್ಮ ಒತ್ತಡವನ್ನೂ ಸ್ವಲ್ಪ ಇಳಿಸಿಕೊಂಡರು. ಮಾತು? ಅಮೆರಿಕದವರು ರಷ್ಯನ್ ಮಾತಾಡಿದರು, ರಷ್ಯನ್ನರು ಇಂಗ್ಲಿಷ್. ಕೇಳುವವನ ಭಾಷೆಯಲ್ಲಿ ಆಡಿದರೆ ನಿಧಾನ ಆಡುತ್ತಾರೆ, ಅರ್ಥ ಆಗುತ್ತದೆ. ಅಪೋಲೊದ ಸ್ಟಾಫರ್ಡ್ ಅವರ ರಷ್ಯನ್ ಕೇಳಿ ಸೋಯುಜ್‌ನ ಲಿಯೊನೊವ್, ಇದು ಓಕ್ಲಹೋಮಾದ ರಷ್ಯನ್ ಅಂತ ತಮಾಷೆ ಮಾಡುತ್ತಿದ್ದರಂತೆ.

ಬಂಗುಡೆ ಪುಳಿಮುಂಚಿ
ನಮ್ಮ ಸ್ಟೇಟ್‌ಬ್ಯಾಂಕ್ ಬಸ್ಸಿನ ಕಂಡಕ್ಟರ್ ತುಳು, ಕೊಂಕಣಿ, ಬ್ಯಾರಿ ಮೂರರಲ್ಲೂ "ಮುಂದೆ ಹೋಗಿ" ಅನ್ನುತ್ತಾನೆ. ಅವನನ್ನು ಕಳಿಸಿದ್ದರೆ ಸಾಕಿತ್ತು.

ಗಲ್ಫ್ ರಿಟರ್ನ್
ಇದೆಲ್ಲ ಹಳೇ ಕಥೆ. ಉಕ್ರೇನ್ ಯುದ್ಧ ಶುರುವಾದಾಗ ರಷ್ಯಾದ ಬಾಹ್ಯಾಕಾಶ ಸಂಸ್ಥೆಯ ಮುಖ್ಯಸ್ಥ ಏನು ಹೇಳಿದ ನೆನಪುಂಟಾ? ಸಹಕಾರ ನಿಲ್ಲಿಸಿದರೆ ಆ ಅಂತರರಾಷ್ಟ್ರೀಯ ನಿಲ್ದಾಣ ಅಮೆರಿಕದ ಮೇಲೋ ಯುರೋಪಿನ ಮೇಲೋ ಬಿದ್ದರೆ ಯಾರು ತಡೆಯುತ್ತಾರೆ ಅಂದ. ಭಾರತ, ಚೀನಾದ ಮೇಲೂ ಬೀಳಬಹುದು ಅಂತ ಸೇರಿಸಿದ. ನಾವೇನು ಮಾಡಿದ್ದೆವು ಮಾರಾಯ್ರೆ?

ಕದ್ರಿ ಮಾಷ್ಟ್ರು
ರೊಗೊಜಿನ್. ಹೇಳಿದ್ದು ಹೌದು, ಬಿಟ್ಟು ಹೋಗಲಿಲ್ಲ. ಹೋಗಲಿಕ್ಕೆ ಆಗುವುದೂ ಕಷ್ಟ. ನಿಲ್ದಾಣ ಕೆಳಗೆ ಜಾರದ ಹಾಗೆ ಆಗಾಗ ಮೇಲಕ್ಕೆ ತಳ್ಳುವ ಕೆಲಸ ಹೆಚ್ಚಾಗಿ ರಷ್ಯಾದ ಭಾಗದ್ದು. ಕರೆಂಟ್ ಹೆಚ್ಚಿನದು ಅಮೆರಿಕದ ಸೋಲಾರ್ ಫಲಕಗಳದ್ದು. ಇಬ್ಬರು ಅಣ್ಣತಮ್ಮಂದಿರು, ಮಾತು ಬಿಟ್ಟಿದ್ದಾರೆ, ಬಾವಿ ಒಬ್ಬನ ಪಾಲಿಗೆ, ಪಂಪ್‌ಸೆಟ್ಟು ಇನ್ನೊಬ್ಬನ ಪಾಲಿಗೆ. ಆ 2022ರಲ್ಲೇ ಸೆಪ್ಟೆಂಬರಿನಲ್ಲಿ ಅಮೆರಿಕದ ರೂಬಿಯೊ ರಷ್ಯಾದ ನೌಕೆಯಲ್ಲಿ ಹೋದ, ಅಕ್ಟೋಬರಿನಲ್ಲಿ ರಷ್ಯಾದ ಕಿಕಿನಾ ಅಮೆರಿಕದ ನೌಕೆಯಲ್ಲಿ. ರೂಬಿಯೊನ ನೌಕೆ ಸೋರಿ ಅವ 371 ದಿನ ಮೇಲೇ ಇರಬೇಕಾಯಿತು. ಕರೆತರಲು ಬದಲಿ ನೌಕೆ ಕಳಿಸಿದ್ದು ರಷ್ಯಾವೇ.

ಸುರತ್ಕಲ್ ಹಾಸ್ಟೆಲ್
ಮತ್ತೆ 2021ರ ನವೆಂಬರ್? ರಷ್ಯಾ ತನ್ನದೇ ಹಳೇ ಸ್ಯಾಟಲೈಟನ್ನು ಕ್ಷಿಪಣಿ ಬಿಟ್ಟು ಒಡೆಯಿತು. 1500ಕ್ಕಿಂತ ಜಾಸ್ತಿ ಚೂರು. ನಿಲ್ದಾಣದಲ್ಲಿದ್ದ ಏಳು ಜನ ತಮ್ಮ ನೌಕೆಗಳೊಳಗೆ ಹೋಗಿ ಅಡಗಿ ಕೂರಬೇಕಾಯಿತು. ಅದರಲ್ಲಿ ಇಬ್ಬರು ರಷ್ಯನ್ನರೇ! ತನ್ನ ಮನೆಯ ಮಕ್ಕಳು ಇರುವ ಅಂಗಳಕ್ಕೇ ಕಲ್ಲು ಎಸೆಯುವುದು. 2007ರಲ್ಲಿ ಚೀನಾ ಒಡೆದದ್ದು ಇನ್ನೂ ಮೇಲೆ, ಸುಮಾರು 850 ಕಿಲೋಮೀಟರಿನಲ್ಲಿ. 3000ಕ್ಕೂ ಜಾಸ್ತಿ ಚೂರು, ಬಹಳಷ್ಟು ಇನ್ನೂ ಸುತ್ತುತ್ತಿವೆ. ನಾವು 2019ರಲ್ಲಿ ಮಾಡಿದ್ದು ಮಾತ್ರ ಕ್ಲೀನ್. 300 ಕಿಲೋಮೀಟರಿನಲ್ಲಿ ಹೊಡೆದೆವು, ಕಸ ಎಲ್ಲ ಬಿದ್ದುಹೋಯಿತು.

ಕದ್ರಿ ಮಾಷ್ಟ್ರು
ಪೂರ್ತಿ ಕ್ಲೀನ್ ಅಲ್ಲ. ಹೆಚ್ಚಿನವು ಬೇಗ ಬಿದ್ದವು, ನಿಜ. ಕೆಲವು ಚೂರು ಚಿಮ್ಮಿ ನಿಲ್ದಾಣಕ್ಕಿಂತ ಎತ್ತರಕ್ಕೆ ಹೋಗಿದ್ದವು. ನಮ್ಮದು ಅಂದ ಕೂಡಲೇ ತಕ್ಕಡಿ ಬದಲಾಯಿಸಬಾರದು. ಇಂಥ ಪರೀಕ್ಷೆ ಇನ್ನು ಮಾಡುವುದಿಲ್ಲ ಅಂತ ದೇಶಗಳು ಮಾತು ಕೊಡಬೇಕು ಎಂಬ ನಿರ್ಣಯ 2022ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯಲ್ಲಿ ಬಂದಾಗ 155 ದೇಶ ಹೌದು ಅಂದವು. ರಷ್ಯಾ, ಚೀನಾ ಬೇಡ ಅಂದವು. ನಾವು ಮತ ಹಾಕಲಿಲ್ಲ. ಪಾಕಿಸ್ತಾನವೂ ಹಾಕಲಿಲ್ಲ. ಒಂದು ವಿಷಯದಲ್ಲಾದರೂ ಒಟ್ಟಿಗೆ!

ಸುರತ್ಕಲ್ ಹಾಸ್ಟೆಲ್
ಅವರಿಗೆಲ್ಲ ಪರೀಕ್ಷೆ ಮಾಡಿ ಮುಗಿದ ಮೇಲೆ ನಿಯಮ ಮಾಡುವುದು ಸುಲಭ. ಪರಮಾಣು ವಿಷಯದಲ್ಲೂ ಇದೇ ಆಟ ಆಡಿದ್ದು. ನಾವು ಸುಮ್ಮನಿದ್ದದ್ದೇ ಸರಿ.

ಕದ್ರಿ ಮಾಷ್ಟ್ರು
ಆ ಮಾತಿನಲ್ಲಿ ತೂಕ ಉಂಟು. ಆದರೂ ಕಸ ಬಾವುಟ ನೋಡಿ ಬಡಿಯುವುದಿಲ್ಲ. 2009ರಲ್ಲಿ ಸತ್ತು ಬಿದ್ದಿದ್ದ ರಷ್ಯಾದ ಸ್ಯಾಟಲೈಟು, ಕೆಲಸ ಮಾಡುತ್ತಿದ್ದ ಅಮೆರಿಕದ ಇರಿಡಿಯಂ ಸ್ಯಾಟಲೈಟಿಗೆ ಗುದ್ದಿತು. ಯಾರೂ ಗುರಿ ಇಟ್ಟಿರಲಿಲ್ಲ.

1967ರ ಬಾಹ್ಯಾಕಾಶ ಒಪ್ಪಂದದಲ್ಲೂ ಕಕ್ಷೆಯಲ್ಲಿ ಪರಮಾಣು ಅಸ್ತ್ರ, ಅಂಥ ಬೇರೆ ಸಾಮೂಹಿಕ ನಾಶದ ಅಸ್ತ್ರ ಇಡಬಾರದು ಅಂತ ಮಾತ್ರ ಇದೆ. ಕಕ್ಷೆಯಲ್ಲಿ ಮಾಮೂಲಿ ಆಯುಧ ಇಡುವುದರ ಮಾತಿಲ್ಲ. ಅಷ್ಟಕ್ಕಾದರೂ ಒಪ್ಪಿದರು. ಅದಕ್ಕೂ ಮೊದಲು, 1962ರಲ್ಲಿ ಅಮೆರಿಕ 400 ಕಿಲೋಮೀಟರ್ ಎತ್ತರದಲ್ಲಿ ಪರಮಾಣು ಬಾಂಬು ಸಿಡಿಸಿದಾಗ ಅವರದ್ದೇ ಸ್ಯಾಟಲೈಟುಗಳು ಕೆಟ್ಟವು, ಅವರದ್ದೇ ಹವಾಯಿಯಲ್ಲಿ ಬೀದಿದೀಪ ಆರಿದವು.

ಗಲ್ಫ್ ರಿಟರ್ನ್
ಚೀನಾ-ಅಮೆರಿಕ?

ಕದ್ರಿ ಮಾಷ್ಟ್ರು
ಅದು ಕಷ್ಟದ್ದು. 2011ರಿಂದ ಅಮೆರಿಕದಲ್ಲಿ ಕಾನೂನೇ ಇದೆ, ವಿಶೇಷ ಒಪ್ಪಿಗೆ ಇಲ್ಲದೆ ನಾಸಾ ಚೀನಾದ ಜೊತೆ ನೇರ ಕೆಲಸ ಮಾಡುವ ಹಾಗಿಲ್ಲ. ಆದರೂ 2019ರಲ್ಲಿ ಚೀನಾದ ಚಾಂಗ್'ಇ-4 ನೌಕೆ ಚಂದ್ರನ ಹಿಂಬದಿಗೆ ಇಳಿದ ಮೇಲೆ ನಾಸಾದ ನೌಕೆ ಅದರ ಫೋಟೋ ತೆಗೆಯಿತು, ಇಬ್ಬರೂ ಮಾಹಿತಿ ಹಂಚಿಕೊಂಡರು. ಒಪ್ಪಿಗೆ ಪಡೆದೇ ಮಾಡಿದ್ದು.

ಪಣಂಬೂರು ಬೀಚ್
ನಮ್ಮ ನೆರೆಯವರಿಗೆ ಅಂತ 2017ರ ಮೇ 5ಕ್ಕೆ ಭಾರತ ಒಂದು ಸ್ಯಾಟಲೈಟ್ ಹಾರಿಸಿತಲ್ಲ. ಮೊದಲು ಸಾರ್ಕ್ ಸ್ಯಾಟಲೈಟ್ ಅಂತಿದ್ದರು, ಪಾಕಿಸ್ತಾನ ಬೇಡ ಅಂದದ್ದಕ್ಕೆ ದಕ್ಷಿಣ ಏಷ್ಯಾ ಸ್ಯಾಟಲೈಟ್ ಆಯಿತು. ಕೊಟ್ಟರೂ ತೆಗೆದುಕೊಳ್ಳದವರು ಇರುತ್ತಾರೆ.

ಕಾಪು ಹಡಗಿನವ
ಕೊಟ್ಟರೆ ತೆಗೆದುಕೊಳ್ಳುವುದಿಲ್ಲ, ಕೂಗಿದರೆ ಕೇಳಿಸಿಕೊಳ್ಳುತ್ತಾರೆ. ನಾನು ನೋಡಿದ್ದು ಇಷ್ಟೇ. ದಾನ ಅಂದರೆ ಅಹಂಕಾರ ಅಡ್ಡ ಬರುತ್ತದೆ, ಮುಳುಗುವವನ ವಿಷಯದಲ್ಲಿ ಬರುವುದಿಲ್ಲ.

ಮಲ್ಪೆ ಹುಡುಗ
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉದ್ದ ಹೋಗುತ್ತದೆ ಅಂತ ಗೊತ್ತಿರಲಿಲ್ಲ. ಕೊಡವೂರು ಅಕ್ಕ, ಡಬ್ಬ ತೆಗೆಸಿ ನೋಡಿದೆವು. ಬ್ಯಾಟರಿಯ ತಾರೀಕು ಹೋದ ವರ್ಷವೇ ಮುಗಿದಿತ್ತು. ಓನರ್ ಹತ್ತಿರ ಮಾತಾಡಿ ಬದಲಾಯಿಸಿಕೊಂಡೇ ಬೋಟು ಬಿಟ್ಟರು, ಒಂದು ದಿನ ತಡವಾಯಿತು. ಕಲಾಸಿಗಳು ಬೈದರಂತೆ.

ಕೊಡವೂರು ಅಕ್ಕ
ಬೈಯಲಿ ಬಿಡು.

ಬಂಗುಡೆ ಪುಳಿಮುಂಚಿ
ಒಂದು ದಿನ ತಡ ಅಂದರೆ ನನ್ನ ಬಂಗುಡೆಯೂ ಒಂದು ದಿನ ತಡ. ಇರಲಿ. ಏನಾದರೂ ಸುದ್ದಿ?

ಮಲ್ಪೆ ಹುಡುಗ
ರೇಂಜ್ ಹೋಗುವ ಮೊದಲು ಅಪ್ಪ ವಾಟ್ಸ್‌ಆ್ಯಪಿನಲ್ಲಿ ಸ್ಕ್ರೀನ್‌ಶಾಟ್ ಕಳಿಸಿದ್ದಾರೆ. ಸ್ಯಾಟಲೈಟ್ 41, ಚೀನಾದ್ದೇ ಜಾಸ್ತಿ. ಕೆಳಗೆ ಬರೆದಿದ್ದಾರೆ: "ಮೇಲೆ ಎಲ್ಲ ಉಂಟು. ಕೆಳಗೆ ಮೀನು ಕಾಣುವುದಿಲ್ಲ."